ಕಸಬಿನ ನುಡಿಗಳ ಸಂಚಾರ

ಬೋಧನೆ, ವೈದ್ಯ, ನ್ಯಾಯವಾದ, ರಾಜಕಾರ್ಯ, ಪತ್ರಿಕಾವ್ಯವಸಾಯ ಮುಂತಾದ ವಿದ್ಯಾವೃತ್ತಿಗಳಲ್ಲಿ ದಿನವೂ ಬಳಕೆಯಾಗುವ ಮಾತುಗಳನ್ನು ಬಿಡಿಸಿ ನೋಡಿದರೆ ಒಂದು ಸಂಗತಿಯು ಸ್ಪಷ್ಟವಾಗಿ ಕಾಣಬರುವುದು. ಆ ಮಾತುಗಳಲ್ಲಿ ಬಹುಭಾಗವು ಆ ವೃತ್ತಿಗಳಲ್ಲಿಯೇ ಹುಟ್ಟಿದವಲ್ಲ. ಅವು ಹೊಲದಲ್ಲಿಯೂ ಹಟ್ಟಿಯಲ್ಲಿಯೂ ಮಗ್ಗದ ಮುಂದೆಯೂ ಅಕ್ಕಸಾಲೆಯ ಅಗ್ಗಿಷ್ಟಿಕೆಯ ಬಳಿಯೂ ದೋಣಿಗಾರನ ರೇವಿನಲ್ಲಿಯೂ ಹುಟ್ಟಿ, ಕಾಲಕ್ರಮದಿಂದ ವಿದ್ವಾಂಸರ ಬಾಯಿಗೆ ಬಂದು ನೆಲಸಿದವು. ಹಾಗೆ ನೆಲಸಿದ ಮೇಲೆ ತಮ್ಮ ತವರಿನ ಗುರುತನ್ನೇ ಕಳೆದುಕೊಂಡವು. ಪತ್ರಿಕೆಯವರು ಒಬ್ಬ ನಾಯಕನನ್ನು ರಾಜಕೀಯ ಧುರೀಣನೆಂದು ಬರೆಯುವಾಗ ನೊಗ ಹೊತ್ತ ಎತ್ತು ಯಾರ ಮನಸ್ಸಿಗೂ ಬರುವುದಿಲ್ಲ. ಹುಡುಗನು ಪರೀಕ್ಷೆಯಲ್ಲಿ ಉತ್ತೀರ್ಣನಾದನೆಂದು ತಂದೆಯು ಹೆಮ್ಮೆಯಿಂದ ಹೇಳುವಾಗ ಹೊಳೆ ದಾಟಿ ದಡ ಸೇರಿದವನ ಚಿತ್ರವು ಕೇಳುವವರಿಗೆ ತೋರುವುದಿಲ್ಲ.

ಇದು ಶಬ್ದವಿನೋದದ ವಿಷಯವೆಂದು ತೋರಬಹುದು. ಆದರೆ ಇದರ ಹಿಂದೆ ಗಹನವಾದ ಪ್ರಶ್ನೆಯೊಂದಿರುವುದು. ಒಂದು ಕಸಬಿನಿಂದ ಇನ್ನೊಂದು ಕಸಬಿಗೆ ಬಂದ ಮಾತು ಬರಿಯ ಅಲಂಕಾರವಾಗಿ ನಿಲ್ಲುವುದೋ, ಅಥವಾ ತನ್ನನ್ನು ಆಡುವವನ ನಡತೆಯನ್ನೂ ಮೆಲ್ಲಮೆಲ್ಲನೆ ತನ್ನ ಕಡೆಗೆ ಎಳೆದುಕೊಳ್ಳುವುದೋ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕೆ ಇಂಥ ಮಾತುಗಳ ಸಂಚಾರದ ಇತಿಹಾಸವೇ ತಕ್ಕ ಸಾಧನವು.

ಸಂಸ್ಕೃತದ ಶಾಸ್ತ್ರಕಾರರು ಈ ವಿಷಯವನ್ನು ಬಹು ಹಿಂದೆಯೇ ವಿಚಾರಮಾಡಿದ್ದಾರೆ. ಶಬ್ದವು ತನ್ನ ಮುಖ್ಯಾರ್ಥವನ್ನು ಬಿಟ್ಟು ಸಂಬಂಧಪಟ್ಟ ಬೇರೆ ಅರ್ಥವನ್ನು ಹೇಳುವ ವ್ಯಾಪಾರಕ್ಕೆ ಲಕ್ಷಣೆಯೆಂದು ಹೆಸರು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಲ್ಲಿದ್ದ ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಈ ಲಕ್ಷಣೆಗೆ ಎರಡು ಕಾರಣಗಳನ್ನು ಹೇಳಿದನು: ಒಂದು ರೂಢಿ, ಇನ್ನೊಂದು ಪ್ರಯೋಜನ. ಕವಿಯು ಬೇಕೆಂದೇ ಒಂದು ಸೊಗಸನ್ನು ಉದ್ದೇಶಿಸಿ ಮಾಡುವುದು ಪ್ರಯೋಜನಲಕ್ಷಣೆ. ಜನರು ತಿಳಿಯದೆಯೇ ಬಳಕೆಯಿಂದ ಮಾಡುವುದು ರೂಢಿಲಕ್ಷಣೆ. ರೂಢಿಗೆ ಅವನು ಕೊಟ್ಟ ಉದಾಹರಣೆಯು ಕುಶಲ ಶಬ್ದವು. ಕುಶವೆಂದರೆ ದರ್ಭೆ. ಅದರ ಅಲಗು ಹರಿತವಾದದ್ದು. ಅಜಾಗರೂಕನಾಗಿ ಹಿಡಿದರೆ ಕೈ ಕುಯ್ಯುವುದು. ಕೈಗೆ ಗಾಯವಾಗದಂತೆ ದರ್ಭೆಯನ್ನು ಕಿತ್ತು ತರಬಲ್ಲವನೇ ಮೊದಲು ಕುಶಲನು. ಆಮೇಲೆ ಯಾವ ಕೆಲಸದಲ್ಲಿಯಾದರೂ ನಿಪುಣನಾದವನಿಗೆ ಅದೇ ಹೆಸರು ಬಂದಿತು. ಅಲ್ಲಿಂದ ಮುಂದೆ ಕ್ಷೇಮವೆಂಬ ಅರ್ಥವೂ ಸೇರಿ, ಕನ್ನಡಿಗರ ಮನೆಗಳಲ್ಲಿ ಬಂಧುಗಳಿಗೆ ಬರೆಯುತ್ತಿದ್ದ ಕಾಗದಗಳ ಮೊದಲ ಸಾಲಿನಲ್ಲಿ ಉಭಯ ಕುಶಲೋಪರಿಯೆಂದು ಆ ಶಬ್ದವು ಬಂದು ಕುಳಿತಿತು. ವೀಣೆಯಲ್ಲಿ ಪ್ರಕೃಷ್ಟನಾದವನು ಪ್ರವೀಣನೆಂಬುದೂ ಪೂರ್ವಿಕರು ಹೇಳುವ ಇಂಥದೇ ವ್ಯುತ್ಪತ್ತಿ. ಈಗ ಲೆಕ್ಕದಲ್ಲಿ ಪ್ರವೀಣನಾದವನು ವೀಣೆಯನ್ನು ಕಣ್ಣಿನಿಂದಲೂ ನೋಡಿರಬೇಕಾಗಿಲ್ಲ.

ಮಮ್ಮಟನಿಗಿಂತಲೂ ಹಿಂದೆಯೇ ಮೀಮಾಂಸಕನಾದ ಕುಮಾರಿಲಭಟ್ಟನು, ಕೆಲವು ಲಕ್ಷಣೆಗಳು ಬಹುಕಾಲದ ಬಳಕೆಯಿಂದ ಮುಖ್ಯಾರ್ಥದಷ್ಟೇ ಬಲವುಳ್ಳವಾಗುವುವೆಂದು ಗುರುತಿಸಿದ್ದನು. ಹದಿನಾಲ್ಕನೆಯ ಶತಮಾನದಲ್ಲಿ ಸಾಹಿತ್ಯದರ್ಪಣವನ್ನು ರಚಿಸಿದ ವಿಶ್ವನಾಥನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಶಲ ಶಬ್ದದಲ್ಲಿ ಲಕ್ಷಣೆಯೇ ಇಲ್ಲವೆಂದು ವಾದಿಸಿದನು. ಶಬ್ದವು ಹುಟ್ಟಿದ ಕಾರಣವೇ ಶಬ್ದವು ನಡೆಯುವ ಕಾರಣವಾಗಬೇಕೆಂಬ ನಿಯಮವಿಲ್ಲವೆಂಬುದು ಅವನ ಮತ. ಹಾಗೆ ನಿಯಮವಿದ್ದರೆ, ನಡೆಯುವುದು ಎಂಬರ್ಥದ ಧಾತುವಿನಿಂದ ಹುಟ್ಟಿದ ಗೋಶಬ್ದವನ್ನು ಮಲಗಿರುವ ಹಸುವಿಗೆ ಹೇಳುವಾಗಲೂ ಲಕ್ಷಣೆಯನ್ನು ಕಲ್ಪಿಸಬೇಕಾಗುವುದಷ್ಟೆ! ಆದುದರಿಂದ ನಿಪುಣನೆಂಬುದೇ ಕುಶಲ ಶಬ್ದಕ್ಕೆ ಮುಖ್ಯಾರ್ಥವೆಂದು ಅವನು ತೀರ್ಮಾನಿಸಿದನು. ಈ ಇಬ್ಬರ ವಾದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರವು ಸುಲಭವಾಗುವುದು. ಹಳೆಯ ಕಸಬು ಮಾತಿನೊಳಗೆ ಇನ್ನೂ ಉಸಿರಾಡುತ್ತಿರುವುದೆಂಬುದು ಒಂದು ಪಕ್ಷ. ಅದು ಸತ್ತು ಮಣ್ಣಾಗಿರುವುದೆಂಬುದು ಇನ್ನೊಂದು ಪಕ್ಷ.

ಮೊದಲು ಗೋಪಾಲಕರಿಂದ ಬಂದ ಮಾತುಗಳನ್ನು ನೋಡಬಹುದು. ಗೋವುಗಳು ನಿಲ್ಲುವ ಸ್ಥಳವು ಗೋಷ್ಠ. ಅದರಿಂದ ಬಂದದ್ದು ಗೋಷ್ಠಿ. ವಿಚಾರಗೋಷ್ಠಿ, ಕವಿಗೋಷ್ಠಿ, ಪತ್ರಿಕಾಗೋಷ್ಠಿ ಇವುಗಳಲ್ಲಿ ಕುಳಿತ ಮಹನೀಯರಿಗೆ ಹಟ್ಟಿಯ ನೆನಪಾಗುವುದಿಲ್ಲ. ತಪ್ಪಿಸಿಕೊಂಡ ಗೋವನ್ನು ಅರಸುವುದು ಗವೇಷಣೆ. ವಿಶ್ವವಿದ್ಯಾನಿಲಯಗಳಲ್ಲಿ ಇಂದು ಅದು ಶಾಸ್ತ್ರಾನ್ವೇಷಣೆಯ ಹೆಸರು. ಧುರವೆಂದರೆ ನೊಗ. ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ನೊಗ ಹೊರುವ ಪ್ರಾಣಿಗೆ ಧುರ್ಯ, ಧೌರೇಯ ಎಂಬ ರೂಪಗಳನ್ನು ಸಾಧಿಸಿದ್ದಾನೆ. ಧುರಂಧರ, ಧುರೀಣ ಎಂಬುವು ಅದೇ ಕುಲದವು. ನಾಯಕತ್ವವೆಂದರೆ ಮುಂದೆ ನಡೆಯುವುದು ಮಾತ್ರವಲ್ಲ, ಭಾರವನ್ನು ಹೆಗಲಿನ ಮೇಲೆ ಹೊರುವುದೆಂಬ ಅರಿವು ಆ ಮಾತನ್ನು ಮೊದಲು ಆಡಿದವರಿಗೆ ಇದ್ದಿತು.

ಹೊಳೆಯ ದಡದಲ್ಲಿ ದುಡಿಯುವವರು ಕೊಟ್ಟ ಮಾತುಗಳಂತೂ ವಿದ್ಯಾಶಾಲೆಯನ್ನೇ ತುಂಬಿರುವುವು. ತೀರ್ಥವೆಂದರೆ ಹೊಳೆಗೆ ಇಳಿದು ದಾಟುವ ಕಡವು. ಗುರುವು ದಾಟಿಸುವವನಾದುದರಿಂದ ಅವನಿಗೂ ತೀರ್ಥವೆಂದು ಹೆಸರಾಯಿತು. ಒಬ್ಬನೇ ಗುರುವಿನಲ್ಲಿ ಓದಿದವರು ಸತೀರ್ಥ್ಯರಾದರು. ಶಾಸ್ತ್ರದ ಆಚೆಯ ದಡವನ್ನು ಮುಟ್ಟಿದವನು ಪಾರಂಗತನು. ಪರೀಕ್ಷೆಯನ್ನು ದಾಟಿದವನು ಉತ್ತೀರ್ಣನು. ದಡವನ್ನು ಅನುಸರಿಸಿ ಹೋಗುವುದು ಅನುಕೂಲ, ದಡಕ್ಕೆ ವಿರುದ್ಧವಾಗಿರುವುದು ಪ್ರತಿಕೂಲ. ಸಂಸಾರವಂದಿಗರಿಗೆ ಅನುಕೂಲಸ್ಥರೆಂಬ ಮಾತು ಚೆನ್ನಾಗಿ ಪರಿಚಿತವಾದದ್ದೇ. ಹಣಕಾಸು ಚೆನ್ನಾಗಿರುವವರೆಂಬ ಅರ್ಥ ಉಳಿದು, ಅದರಲ್ಲಿ ಹೊಳೆಯೂ ಇಲ್ಲದೆ ದಡವೂ ಇಲ್ಲದೆ ಹೋಯಿತು.

ಶಾಸ್ತ್ರಗಳಿಗೆ ಹೆಚ್ಚು ಸಾಲವನ್ನು ಕೊಟ್ಟವನು ನೇಯಿಗೆಯವನು. ಸೂತ್ರವೆಂದರೆ ನೂಲು. ಪಾಣಿನಿಯ ಮಾತುಗಳೂ ಬಾದರಾಯಣನ ಮಾತುಗಳೂ ಸೂತ್ರಗಳೆನಿಸಿದವು. ತಂತ್ರವೆಂದರೆ ಮಗ್ಗ, ಮಗ್ಗದ ಮೇಲೆ ಎಳೆದು ಕಟ್ಟಿದ ಹಾಸುನೂಲು. ಮಗ್ಗದಿಂದ ಆಗತಾನೇ ಇಳಿಸಿದ ಬಟ್ಟೆಗೆ ತಂತ್ರಕವೆಂಬ ಹೆಸರನ್ನು ಪಾಣಿನಿಯು ಹೇಳಿರುವನು. ಆ ತಂತ್ರವು ಶಾಸ್ತ್ರಗ್ರಂಥದ ಹೆಸರಾಯಿತು; ಕಾರ್ಯಸಾಧನೆಯ ಉಪಾಯವಾಯಿತು; ಕುತಂತ್ರವೂ ಆಯಿತು. ತನ್ನ ಹಾಸನ್ನು ತಾನೇ ಎಳೆದುಕೊಂಡವನು ಸ್ವತಂತ್ರನು. ಇನ್ನೊಬ್ಬನ ಹಾಸಿನಲ್ಲಿ ಹೊಕ್ಕವನು ಪರತಂತ್ರನು. ೧೯೪೭ರಲ್ಲಿ ದೇಶವೆಲ್ಲವೂ ಕೂಗಿ ಹೇಳಿದ ಸ್ವಾತಂತ್ರ್ಯ ಶಬ್ದದೊಳಗೆ ಹೀಗೆ ಒಂದು ಮಗ್ಗವು ಅಡಗಿರುವುದು. ಈಚೆಗೆ ಗಣಕಯಂತ್ರಕ್ಕೆ ಕೊಡುವ ಆಜ್ಞಾಸಮೂಹವನ್ನು ಕನ್ನಡದಲ್ಲಿ ತಂತ್ರಾಂಶವೆಂದು ಕರೆಯುವುದು ರೂಢಿಯಾಗಿದೆ. ಫ್ರಾನ್ಸಿನ ಜಾಕಾರ್ಡನು ೧೯ನೆಯ ಶತಮಾನದ ಆರಂಭದಲ್ಲಿ ತೂತು ಹೊಡೆದ ರಟ್ಟುಗಳಿಂದ ಮಗ್ಗವನ್ನು ನಡೆಯಿಸಿದನೆಂಬುದನ್ನೂ, ಅಂಥ ರಟ್ಟುಗಳೇ ಮುಂದೆ ಗಣಕಯಂತ್ರಗಳಿಗೆ ಆಜ್ಞೆ ಕೊಡಲು ಬಳಕೆಯಾದುವೆಂಬುದನ್ನೂ ಬಲ್ಲವರಿಗೆ ಈ ಹೆಸರು ಇನ್ನಷ್ಟು ಒಪ್ಪುವಂತೆ ಕಂಡೀತು. ಅಚ್ಚಗನ್ನಡದಲ್ಲಿಯೂ ಹಾಗೆಯೇ: ಹಾಸು ಉದ್ದದ ನೂಲು, ಹೊಕ್ಕು ಅಡ್ಡದ ನೂಲು. ಒಂದು ವಿಷಯವು ಇನ್ನೊಂದರಲ್ಲಿ ಹಾಸುಹೊಕ್ಕಾಗಿದೆಯೆಂದು ಬರೆಯದ ವಿಮರ್ಶಕನು ವಿರಳ.

ಶಿಲ್ಪಿಯ ಮಾತೊಂದು ಕ್ರಮಿಸಿದ ದಾರಿಯು ಇವೆಲ್ಲಕ್ಕಿಂತ ವಿಚಿತ್ರವಾದದ್ದು. ಕಟ್ಟಡದ ಅಳತೆಗೆ ನೂಲು ಹಿಡಿಯುವವನು ಸೂತ್ರಧಾರ. ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿಯಾದ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ, ಈಗ ವಿರೂಪಾಕ್ಷನ ಗುಡಿಯೆಂದು ಪ್ರಸಿದ್ಧವಾದ ದೇವಾಲಯದ ಕನ್ನಡ ಶಾಸನವು ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನು ಸೂತ್ರಧಾರಿಯೆಂದು ಕರೆದು, ಅವನಿಗೆ ಸಂದ ಗೌರವವನ್ನು ಹೇಳುತ್ತದೆ. ಅದೇ ಮಾತು ನಾಟ್ಯಶಾಲೆಗೆ ಹೋಗಿ ನಾಟಕವನ್ನು ನಡೆಯಿಸುವವನ ಹೆಸರಾಯಿತು. ಅಲ್ಲಿಂದ ಪತ್ರಿಕಾಲಯಕ್ಕೆ ಬಂದು, ಈಗ ದರೋಡೆಯ ಸೂತ್ರಧಾರ, ವಂಚನೆಯ ಸೂತ್ರಧಾರ ಎಂದು ಅಪರಾಧಿಗಳ ಬಿರುದಾಗಿದೆ. ಕಲ್ಲಿನಲ್ಲಿ ದೇವಾಲಯವನ್ನು ಎಬ್ಬಿಸಿದವನಿಗೆ ಸಂದ ಹೆಸರು ಕನ್ನ ಹಾಕಿಸಿದವನಿಗೆ ಸಲ್ಲುವುದಕ್ಕೆ ಸಾವಿರದ ಇನ್ನೂರು ವರ್ಷಗಳು ಹಿಡಿದುವು.

ಅಕ್ಕಸಾಲೆಯೂ ವ್ಯಾಪಾರಿಯೂ ಕೊಟ್ಟ ಮಾತುಗಳು ನ್ಯಾಯಶಾಸ್ತ್ರಕ್ಕೆ ಆಧಾರಗಳಾದುವು. ಪ್ರಮಾಣವೆಂದರೆ ಅಳತೆ, ತುಲನೆಯೆಂದರೆ ತಕ್ಕಡಿಯಲ್ಲಿಟ್ಟು ತೂಗುವುದು, ನಿಕಷವೆಂದರೆ ಒರೆಗಲ್ಲು. ಕನ್ನಡದಲ್ಲಿ ಒಬ್ಬನ ವಾದವನ್ನು ಒರೆಗೆ ಹಚ್ಚುವುದೆಂದರೆ ಚಿನ್ನವನ್ನು ಕರಿಯ ಕಲ್ಲಿನ ಮೇಲೆ ಉಜ್ಜಿ ಗೆರೆಯ ಬಣ್ಣ ನೋಡುವುದೇ. ಮಾನದಂಡವೆಂದರೆ ಅಳತೆಗೋಲು. ಕಾಳಿದಾಸನು ಕುಮಾರಸಂಭವದ ಮೊದಲಲ್ಲಿಯೇ ಹಿಮಾಲಯವನ್ನು ಭೂಮಿಯ ಅಳತೆಗೋಲಿಗೆ ಹೋಲಿಸಿದಾಗ ಆ ಕೋಲು ಓದುಗನ ಕಣ್ಣಿಗೆ ಕಟ್ಟುತ್ತಿದ್ದಿತು. ಈಗ ಸರ್ಕಾರದ ಸುತ್ತೋಲೆಗಳಲ್ಲಿ ಅರ್ಹತೆಯ ಮಾನದಂಡಗಳು ಎಂದು ಓದುವಾಗ ಕೋಲೂ ಇಲ್ಲ, ಹಿಮಾಲಯವೂ ಇಲ್ಲ. ಒಕ್ಕಲಿಗನ ಹದವೆಂಬ ಮಾತೂ ಹೀಗೆಯೇ ಸವೆದಿದೆ. ಬಿತ್ತನೆಗೆ ತಕ್ಕಷ್ಟು ತೇವವಿರುವ ನೆಲಕ್ಕೆ ಹದವಿದೆಯೆನ್ನುವರು. ಇಂದು ರೋಗಿಯ ಆರೋಗ್ಯವೂ ಹದಗೆಡುವುದು, ಊರಿನ ರಸ್ತೆಯೂ ಹದಗೆಡುವುದು, ರಾಜ್ಯದ ಹಣಕಾಸೂ ಹದಗೆಡುವುದು.

ಇಲ್ಲಿ ಒಂದು ಅನ್ಯಾಯವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಮಾತನ್ನು ಕೊಟ್ಟವನಿಗೆ ಮಾತಿಗೆ ಸಂದ ಗೌರವವು ಸಲ್ಲಲಿಲ್ಲ. ಸೂತ್ರಕಾರನೆಂಬ ಬಿರುದು ವಿದ್ವಾಂಸನಿಗೆ ಪೂಜ್ಯವಾಯಿತು. ನೂಲು ತೆಗೆದವನು ವಿದ್ವತ್ಸಭೆಯ ಹೊರಗೆ ನಿಂತನು. ಕರ್ಣಧಾರನೆಂದರೆ ರಾಷ್ಟ್ರನಾಯಕನಿಗೆ ಹೊಗಳಿಕೆ. ಚುಕ್ಕಾಣಿ ಹಿಡಿದ ಅಂಬಿಗನಿಗೆ ಕಾಸಿನ ಕೂಲಿ. ಕನ್ನಡನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರು ಈ ಮೌನವನ್ನು ಮುರಿದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಒಕ್ಕಲಿಗ ಮುದ್ದಣ್ಣ ಮುಂತಾದವರು ತಂತಮ್ಮ ಕಸಬಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿಯೇ ಮಾತನಾಡಿದರು. ಕದಿರ ರೆಮ್ಮವ್ವೆಯೆಂಬ ಶರಣೆಯು ತಾನು ತಿರುಗಿಸುವ ರಾಟೆಯ ಅಂಗಗಳಲ್ಲಿಯೇ ತ್ರಿಮೂರ್ತಿಗಳನ್ನು ಕಂಡಳು. ವಿದ್ವಾಂಸನು ನೂಲನ್ನು ಕಡ ತಂದು ಶಾಸ್ತ್ರವೆಂದು ಕರೆದಾಗ ನೂಲು ಮರೆಯಾಯಿತು. ನೂಲುವವಳೇ ತತ್ತ್ವವನ್ನು ನುಡಿದಾಗ ನೂಲೂ ಉಳಿಯಿತು, ತತ್ತ್ವವೂ ಉಳಿಯಿತು. ಕಾಯಕವೆಂಬ ಮಾತಿಗೆ ಅವರು ತಂದ ತೇಜಸ್ಸಿಗೆ ಇದೇ ಕಾರಣ.

ಕಾಲವು ತಿರುಗಿತು. ರಾಜ್ಯಗಳಲ್ಲಿ ಯಾವ ಕೆಲಸಕ್ಕೆ ಪ್ರಾಬಲ್ಯವು ಬರುವುದೋ ಆ ಕೆಲಸದ ಮಾತುಗಳೇ ಉಳಿದ ಕೆಲಸಗಳಿಗೆ ಹರಿಯುವುವು. ಬಹಮನಿ ಸುಲ್ತಾನರ ಕಾಲದಿಂದ ವಿಜಾಪುರದ ಆದಿಲಶಾಹಿ, ಮರಾಠರ ಆಡಳಿತ, ಹೈದರ್ ಮತ್ತು ಟಿಪ್ಪುವಿನ ಸರ್ಕಾರಗಳ ವರೆಗೆ ಕಂದಾಯದ ಲೆಕ್ಕವು ಪಾರಸಿ, ಮರಾಠಿ, ಹಿಂದೂಸ್ತಾನಿ ನುಡಿಗಳ ಸಂಪರ್ಕದಲ್ಲಿ ನಡೆಯಿತು. ಬಾಕಿ, ಜಮಾ, ವಸೂಲಿ, ಹಾಜರು, ಮಂಜೂರು, ಅಸಲು, ನಕಲು ಎಂಬುವು ಕಂದಾಯದ ಚಾವಡಿಯಿಂದ ಹೊರಟು ಅಡಿಗೆಮನೆಯ ವರೆಗೂ ಬಂದುವು. ಕಸಬು ಎಂಬ ಮಾತೂ ಅರಬ್ಬಿಯದೇ. ಅಲ್ಲಿ ಅದಕ್ಕೆ ಸಂಪಾದನೆಯೆಂದು ಅರ್ಥ. ತಕರಾರು ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಕನ್ನಡದಲ್ಲಿ ಅದು ಜಗಳ. ಸಿಬ್ಬಂದಿಯೆಂಬುವರು ಮೊದಲು ಕಂದಾಯ ವಸೂಲಿ ಮೊದಲಾದ ಕೆಲಸಗಳಿಗೆ ಇಟ್ಟುಕೊಂಡ ದಂಡಾಳುಗಳು. ಇಂದು ಪಾಠಶಾಲೆಯ ಉಪಾಧ್ಯಾಯರೂ ಬೋಧಕ ಸಿಬ್ಬಂದಿ. ಕಚೇರಿಯು ಸರ್ಕಾರದ ಕೆಲಸ ನಡೆಯುವ ಸ್ಥಳ. ಅದೇ ಮಾತು ದಕ್ಷಿಣದೇಶದಲ್ಲಿ ಸಂಗೀತ ಕಚೇರಿಯಾಗಿ, ತ್ಯಾಗರಾಜರ ಕೃತಿಗಳನ್ನು ಹಾಡುವ ಸಭೆಗೂ ಅನ್ವಯವಾಯಿತು!

ಇವುಗಳಲ್ಲಿ ಕಡತವೆಂಬ ಕನ್ನಡದ ಮಾತು ವಿಶೇಷವಾಗಿ ಗಮನಿಸತಕ್ಕದ್ದು. ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿಯನ್ನು ಅರಿವೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವೇ ಕಡತ. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಕಾಗದ ಬಂದಿತು, ಅರಿವೆಯ ಕಡತ ಹೋಯಿತು. ಆಗಿನ ಮೈಸೂರು ರಾಜ್ಯದ ೧೯೬೧ರ ಕಾನೂನಿನಿಂದ ಶಾನುಭೋಗರ ವಂಶಪಾರಂಪರ್ಯದ ಹುದ್ದೆಯೂ ಹೋಯಿತು. ಹೆಸರು ಮಾತ್ರ ಉಳಿದು ಸರ್ಕಾರದ ಕಾಗದಪತ್ರಗಳ ಕಟ್ಟಿಗೆ ಸೇರಿತು. ಗಣಕಯಂತ್ರದೊಳಗಿನ ಬರೆಹಕ್ಕೂ ಇಂದು ಅದೇ ಹೆಸರು. ಇಲ್ಲಿಯ ವರೆಗೆ ಹಾನಿಯಿಲ್ಲ. ಆದರೆ ವಿಧವೆಯೊಬ್ಬಳು ತನ್ನ ಮಾಸಾಶನಕ್ಕಾಗಿ ಕಚೇರಿಯ ಬಾಗಿಲಿನಲ್ಲಿ ನಿಂತಿರುವಾಗ, ಕಡತವು ವಿಲೇವಾರಿಯಾಗಿದೆಯೆಂಬ ಉತ್ತರ ಬಂದರೆ, ಅವಳ ಕಷ್ಟವು ತೀರಿತೋ ಇಲ್ಲವೋ ಎಂಬುದು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಕಟ್ಟು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋದದ್ದೇ ಕೆಲಸವಾಯಿತು. ಮಾತು ಅಲಂಕಾರವನ್ನು ಬಿಟ್ಟು ನಡತೆಯೊಳಕ್ಕೆ ಇಳಿಯುವುದು ಹೀಗೆ.

ಮುಂದೆ ಯಂತ್ರದ ಕಾಲವು ಬಂದಿತು. ಬೆಂಗಳೂರಿನ ದಂಡಿನಿಂದ ಜೋಲಾರಪೇಟೆಗೆ ೧೮೬೪ರಲ್ಲಿ ರೈಲು ಹೊರಟಿತು. ಆಮೇಲೆ ಹಳಿ, ನಿಶಾನೆಗಳು ಜನರ ಬಾಯಿಗೆ ಬಂದುವು. ಸಂಧಾನದ ಮಾತು ಹಳಿ ತಪ್ಪಿತೆಂದೂ, ಯೋಜನೆಗೆ ಹಸಿರು ನಿಶಾನೆ ದೊರೆಯಿತೆಂದೂ, ಆಡಳಿತಯಂತ್ರವು ಚುರುಕಾಯಿತೆಂದೂ ಬರೆಯುವುದು ವಾಡಿಕೆಯಾಯಿತು. ಅದೇ ೧೮೬೪ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಜಾರ್ಜಿಯ ಪ್ರಾಂತದ ಆಂಡರ್ಸನ್‌ವಿಲ್ ಎಂಬಲ್ಲಿ ಸೆರೆಯಾಳುಗಳ ಶಿಬಿರವೊಂದು ಏರ್ಪಟ್ಟಿತು. ಅದರ ಗೋಡೆಯ ಒಳಗಡೆ ಕೊಂಚ ದೂರದಲ್ಲಿ ಒಂದು ಗಡಿಯನ್ನು ಗೊತ್ತುಮಾಡಿದ್ದರು. ಅದನ್ನು ದಾಟಿದ ಸೆರೆಯಾಳಿಗೆ ಕಾವಲುಗಾರನು ಗುಂಡಿಕ್ಕಬಹುದಾಗಿದ್ದಿತು. ಆ ಗಡಿಗೆ 'ಡೆಡ್‌ಲೈನ್', ಅಂದರೆ ಸಾವಿನ ಗೆರೆ, ಎಂದು ಹೆಸರು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ಮಾತು ಪತ್ರಿಕಾಲಯಗಳಲ್ಲಿ ಬರೆಹವನ್ನು ಒಪ್ಪಿಸಬೇಕಾದ ಕಡೆಯ ಹೊತ್ತಿಗೆ ಬಳಕೆಯಾಗಿ, ಈಗ ಬೆಂಗಳೂರಿನ ಎಲ್ಲ ಉದ್ಯೋಗಶಾಲೆಗಳಲ್ಲಿಯೂ ಕೇಳಬರುತ್ತಿದೆ. ಇದಕ್ಕೆ ಕನ್ನಡದಲ್ಲಿ ಗಡುವು ಎಂಬ ಹಿಂಸೆಯಿಲ್ಲದ ಮಾತು ಮೊದಲಿನಿಂದಲೂ ಇದೆ.

ಇನ್ನು ಮುಖ್ಯವಾದ ಭೇದವನ್ನು ಹೇಳಬೇಕು. ಹಿಂದಿನ ಕಾಲದಲ್ಲಿ ಕಸಬಿನ ಮಾತು ಮನುಷ್ಯನ ಒಂದು ಗುಣಕ್ಕೋ ಕ್ರಿಯೆಗೋ ಹೆಸರಾಗುತ್ತಿದ್ದಿತು. ವಿದ್ಯೆಯನ್ನು ದಾಟಿದನು, ಭಾರವನ್ನು ಹೊತ್ತನು, ವಾದವನ್ನು ಒರೆಗೆ ಹಚ್ಚಿದನು ಎಂಬಲ್ಲಿ ದಾಟುವವನೂ ಹೊರುವವನೂ ಹಚ್ಚುವವನೂ ಮನುಷ್ಯನೇ. ಯಂತ್ರಯುಗದಲ್ಲಿ ಮಾತು ಮನುಷ್ಯನನ್ನೇ ವಸ್ತುವಿನ ಸ್ಥಾನದಲ್ಲಿ ಕೂರಿಸಿತು. ಗಣಕನೆಂದರೆ ಸಂಸ್ಕೃತದಲ್ಲಿ ಗಣಿತ ಬಲ್ಲ ಜ್ಯೋತಿಷಿ. ಇಂಗ್ಲಿಷಿನಲ್ಲಿಯೂ ಕಂಪ್ಯೂಟರ್ ಎಂಬುದು ಮೊದಲು ಮನುಷ್ಯನ ಹುದ್ದೆ. ಬಂಗಾಳದ ರಾಧಾನಾಥ ಸಿಕ್‌ದಾರನು ೧೮೩೧ರಲ್ಲಿ ಭಾರತದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿ ಸೇರಿದ್ದು ಅದೇ ಹೆಸರಿನ ಹುದ್ದೆಗೆ. ಇಪ್ಪತ್ತನೆಯ ಶತಮಾನದ ನಡುವೆ ಆ ಎರಡು ಹೆಸರುಗಳೂ ಯಂತ್ರಕ್ಕೆ ಹೋದುವು. ಮನುಷ್ಯನ ಹೆಸರನ್ನು ಪಡೆದ ಯಂತ್ರವು ಈಗ ತನ್ನ ಮಾತುಗಳನ್ನು ಮನುಷ್ಯನಿಗೆ ಹಿಂದಿರುಗಿ ಕೊಡುತ್ತಿರುವುದು. ದಣಿದವನು ತಲೆ ಹ್ಯಾಂಗ್ ಆಯಿತೆನ್ನುವನು; ವಿಶ್ರಾಂತಿ ಪಡೆದವನು ಚಾರ್ಜ್ ಆದೆನೆನ್ನುವನು. ವಿಶ್ರಾಂತಿಯೆಂಬುದು ಮನುಷ್ಯನಿಗೆ ಸಹಜವಾಗಿ ಸಲ್ಲತಕ್ಕದ್ದೆಂಬ ಭಾವವು ಹೋಗಿ, ಮತ್ತೆ ದುಡಿಯುವುದಕ್ಕೆ ಶಕ್ತಿ ತುಂಬುವ ಕೆಲಸವೆಂಬ ಭಾವವು ಬಂದುದನ್ನು ಈ ಮಾತು ತೋರಿಸುವುದು.

ಈ ಪ್ರವಾಹವು ವಿದ್ಯಾಶಾಲೆಯನ್ನು ಹೊಕ್ಕ ಬಗೆಯು ಎಲ್ಲಕ್ಕಿಂತ ಹೆಚ್ಚು ವಿಚಾರಾರ್ಹವು. ಅಮೆರಿಕದ ಫ್ರೆಡರಿಕ್ ಟೇಲರನು ಕಾರ್ಖಾನೆಯ ಕೆಲಸಗಾರನ ಪ್ರತಿಯೊಂದು ಚಲನೆಯನ್ನೂ ಗಡಿಯಾರ ಹಿಡಿದು ಅಳೆಯುವ ಪದ್ಧತಿಯನ್ನು ೧೯೧೧ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಐದು ವರ್ಷಗಳ ಬಳಿಕ, ೧೯೧೬ರಲ್ಲಿ, ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದ ಶಿಕ್ಷಣಾಚಾರ್ಯನಾದ ಎಲ್‌ವುಡ್ ಕಬ್ಬರ್ಲಿಯು ಶಾಲೆಗಳ ಆಡಳಿತವನ್ನು ಕುರಿತ ತನ್ನ ಪುಸ್ತಕದಲ್ಲಿ, ಶಾಲೆಗಳು ಒಂದು ಅರ್ಥದಲ್ಲಿ ಕಾರ್ಖಾನೆಗಳೆಂದೂ ಮಕ್ಕಳು ಅಲ್ಲಿ ರೂಪುಗೊಳ್ಳಬೇಕಾದ ಕಚ್ಚಾಪದಾರ್ಥವೆಂದೂ ಬರೆದನು. ಅವನು ಅದನ್ನು ಉಪಮಾನವಾಗಿಯೇ ಹೇಳಿದನು. ಆದರೆ ಉಪಮಾನವು ಉಪಮಾನವಾಗಿ ಉಳಿಯಲಿಲ್ಲ. ಕಾರ್ಖಾನೆಯಲ್ಲಿ ಸರಕಿಗೆ ಅಳತೆಯುಂಟು, ನಷ್ಟಕ್ಕೆ ಲೆಕ್ಕವುಂಟು, ದೋಷವುಳ್ಳದ್ದನ್ನು ಬೇರೆ ತೆಗೆದು ಎಸೆಯುವುದುಂಟು. ಶಾಲೆಗಳಲ್ಲಿಯೂ ಫಲಿತಾಂಶದ ಶೇಕಡಾವಾರನ್ನು ಕಾಪಾಡುವುದಕ್ಕಾಗಿ ಮಂದಬುದ್ಧಿಯ ಹುಡುಗನನ್ನು ಪರೀಕ್ಷೆಗೆ ಕೂರಿಸದೆ ತಡೆಯುವ ವ್ಯವಸ್ಥಾಪಕರು ಕಾಣಿಸಿಕೊಂಡರು. ಹೊಳೆ ದಾಟಿಸುವವನೆಂದು ಗುರುವನ್ನು ಭಾವಿಸಿದವರಿಗೆ ಈಜು ಬಾರದವನೇ ಮೊದಲು ದೋಣಿ ಹತ್ತಬೇಕಾದವನು. ಕಾರ್ಖಾನೆಯವನೆಂದು ಭಾವಿಸಿದವರಿಗೆ ಅದೇ ಹುಡುಗನು ಹೊರಗೆ ಹಾಕಬೇಕಾದ ಸರಕು. ರೂಪಕವು ಬದಲಾದುದರಿಂದ ಹುಡುಗನ ಭಾಗ್ಯವೇ ಬದಲಾಯಿತು.

ಭಾರತ ಸರ್ಕಾರವು ೧೯೮೫ರಲ್ಲಿ ಶಿಕ್ಷಣ, ಸಂಸ್ಕೃತಿ, ಯುವಜನ ಮತ್ತು ಕ್ರೀಡೆ, ಮಹಿಳಾಕಲ್ಯಾಣ ಇವುಗಳನ್ನು ಒಂದುಗೂಡಿಸಿ ಏರ್ಪಡಿಸಿದ ಸಚಿವಾಲಯಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವೆಂದು ಹೆಸರಿಟ್ಟಿತು. ಮನುಷ್ಯನ ಸರ್ವತೋಮುಖವಾದ ಏಳಿಗೆಯನ್ನು ಒಂದೇ ಕಡೆಯಿಂದ ನೋಡಬೇಕೆಂಬ ಉದ್ದೇಶವು ಒಳ್ಳೆಯದೇ. ಆದರೆ ಹೆಸರು ಉದ್ಯಮಗಳ ನೌಕರವಿಭಾಗದಿಂದ ಬಂದದ್ದು. ಸಂಪನ್ಮೂಲವೆಂದರೆ ಇನ್ನೊಬ್ಬನು ಇನ್ನೊಂದು ಉದ್ದೇಶಕ್ಕೆ ತೆಗೆದು ಬಳಸತಕ್ಕ ನಿಧಿ. ಕಲ್ಲಿದ್ದಲು, ನೀರು, ಮರ ಇವು ಸಂಪನ್ಮೂಲಗಳು. ಮೂವತ್ತೈದು ವರ್ಷಗಳ ಕಾಲ ದೇಶದ ಮಕ್ಕಳ ಓದು ಆ ಹೆಸರಿನ ಕೆಳಗೆ ನಡೆದು, ೨೦೨೦ರಲ್ಲಿ ಹೊಸ ಶಿಕ್ಷಣನೀತಿಯೊಡನೆ ಅದಕ್ಕೆ ಶಿಕ್ಷಣ ಸಚಿವಾಲಯವೆಂಬ ಹಳೆಯ ಹೆಸರೇ ಮರಳಿ ಬಂದಿತು. ಸರ್ಕಾರದ ಹಲಗೆಯಿಂದ ಹೋದರೂ ಆ ಮಾತು ಉದ್ಯೋಗಶಾಲೆಗಳಿಂದಲೂ ಭಾಷಣಗಳಿಂದಲೂ ಹೋಗಿಲ್ಲ.

ಇಷ್ಟನ್ನು ನೋಡಿದ ಮೇಲೆ ಮಮ್ಮಟ ಮತ್ತು ವಿಶ್ವನಾಥರ ವಾದಕ್ಕೆ ಮರಳಬಹುದು. ಕುಶಲ ಶಬ್ದದ ಮಟ್ಟಿಗೆ ವಿಶ್ವನಾಥನ ಮಾತೇ ನಡೆಯಲಿ. ಯಾರೂ ಕುಶಲನ ಕೈಗೆ ದರ್ಭೆ ಕೊಟ್ಟು ಪರೀಕ್ಷಿಸುವುದಿಲ್ಲ. ಧುರೀಣನಿಗೆ ಯಾರೂ ಹುಲ್ಲು ಹಾಕುವುದಿಲ್ಲ. ಆ ರೂಪಕಗಳು ಸತ್ತಿವೆ, ಅವುಗಳಿಂದ ಭಯವಿಲ್ಲ. ಆದರೆ ಎಲ್ಲ ರೂಢಿಶಬ್ದಗಳೂ ಹಾಗೆ ಸತ್ತವೆಂದು ಭಾವಿಸುವುದು ತಪ್ಪು. ರೂಪಕವು ಸತ್ತಿದೆಯೋ ಬದುಕಿದೆಯೋ ಎಂಬುದನ್ನು ವ್ಯುತ್ಪತ್ತಿಯಿಂದ ನಿರ್ಣಯಿಸಲಾಗದು, ಆಡುವವನ ನೆನಪಿನಿಂದಲೂ ನಿರ್ಣಯಿಸಲಾಗದು, ನಡತೆಯಿಂದಲೇ ನಿರ್ಣಯಿಸಬೇಕು. ಮನುಷ್ಯನನ್ನು ಸಂಪನ್ಮೂಲವೆಂದು ಕರೆದು, ಮುಗಿದ ಮೇಲೆ ಗಣಿಯನ್ನು ಬಿಟ್ಟು ಹೋಗುವಂತೆ ಅವನನ್ನು ಬಿಟ್ಟು ಹೋಗುವ ವ್ಯವಸ್ಥೆಯಿದ್ದರೆ ಆ ರೂಪಕವು ಬದುಕಿಯೇ ಇದೆ. ಮಗುವನ್ನು ಕಚ್ಚಾಪದಾರ್ಥವೆಂದು ಬಗೆದು ದೋಷವಿದ್ದರೆ ಹೊರಗೆ ಹಾಕುವ ಶಾಲೆಯಿದ್ದರೆ, ಅಲ್ಲಿಯ ಉಪಾಧ್ಯಾಯನು ಆ ಮಾತನ್ನು ಒಮ್ಮೆಯೂ ಆಡದಿದ್ದರೂ, ಆ ರೂಪಕವು ಅಲ್ಲಿ ಅಧಿಕಾರ ನಡೆಯಿಸುತ್ತಿರುವುದೆಂದೇ ತಿಳಿಯಬೇಕು.

ಕಡ ತಂದ ಮಾತುಗಳನ್ನೆಲ್ಲ ಭಾಷೆಯಿಂದ ಹೊರಡಿಸಬೇಕೆಂಬುದು ಇದರ ಅಭಿಪ್ರಾಯವಲ್ಲ. ಅದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ನೂಲು, ನೊಗ, ದೋಣಿ, ತಕ್ಕಡಿಗಳನ್ನು ತೆಗೆದುಹಾಕಿದರೆ ಶಾಸ್ತ್ರಕ್ಕೆ ಮಾತೇ ಇರುವುದಿಲ್ಲ. ಕೆಲಸಕ್ಕೆ ಕೆಲಸದ ಹೆಸರನ್ನು ಕೊಡುವುದು ಭಾಷೆಯ ಸಹಜಧರ್ಮ. ಎಚ್ಚರವಿರಬೇಕಾದದ್ದು ಮನುಷ್ಯನಿಗೇ ಹೆಸರಿಡುವ ಸಂದರ್ಭದಲ್ಲಿ. ನೌಕರ, ಕೆಲಸಗಾರ, ರೋಗಿ, ಅರ್ಜಿದಾರ, ವಿದ್ಯಾರ್ಥಿ ಎಂಬ ಮಾತುಗಳು ಕನ್ನಡದಲ್ಲಿ ಬೇಕಾದಷ್ಟು ಬಳಕೆಯಲ್ಲಿವೆ. ವಿದ್ಯಾರ್ಥಿಯೆಂದರೆ ವಿದ್ಯೆಯನ್ನು ಬೇಡುವವನು. ಬೇಡುವವನೊಬ್ಬನು ಅಲ್ಲಿ ನಿಂತಿದ್ದಾನೆಂಬುದನ್ನು ಆ ಮಾತು ಮರೆಯಗೊಡುವುದಿಲ್ಲ.